'ಬರ್ತೀನಿ' ಎನ್ನಬಾರದ ಗೇಟು

ನಮ್ಮಕ್ಕನ ಮಗಳು ರೇಣುಕಾಗೆ ಜೈಲು ವಾರ್ಡರ್ ಕೆಲಸ ಸಿಕ್ಕಿದೆ. ಆರ್ಡರ್ ಕೈಗೆ ಬಂದ ದಿನವೇ ಮರಿಯಮ್ಮನಹಳ್ಳಿಯಿಂದ ಬಸ್ಸು ಹತ್ತಿ ಮಲಪನಗುಡಿಯ ನಮ್ಮ ಮನೆಗೆ ಬಂದಳು. ಪೇಡೆ ಡಬ್ಬಿಯನ್ನು ನನ್ನ ಕೈಗಿಟ್ಟು, ಕಾಲಿಗೆ ಬಿದ್ದು ಎದ್ದವಳು ಕೇಳಿದ ಮೊದಲ ಪ್ರಶ್ನೆ, "ಮಾಮಾ, ನಿಮಗ ಯಾರಾರ ಹೊಡದಿದ್ರೇನು?"

"ಎರಡು ಸಲ," ಅಂದೆ. "ಒಂದ್ಸಲ ಕೈದಿ, ಒಂದ್ಸಲ ನಿಮ್ಮತ್ತಿ."

"ಆ ಮನುಷ್ಯಾನ ಮಾತು ಕಟ್ಕೋಬ್ಯಾಡವ್ವ," ಎಂದು ನನ್ನ ಹೆಂಡತಿ ಗಂಗಾ ಅಡುಗೆಮನೆಯಿಂದಲೇ ಕೂಗಿದಳು.

ಎಲ್ಲರೂ ನಕ್ಕೆವು. ಹುಡುಗಿ ಊರಿಗೆ ಹೋದ ಮೇಲೆ ನಾನು ಯೋಚನೆಗೆ ಬಿದ್ದೆ. ಆಕೆ ಕೇಳಿದ್ದು ಹೊಡೆತದ ಬಗ್ಗೆ. ನಾನೂ ಅದೇ ವಾರ್ಡರ್ ಕೆಲಸ ಮಾಡಿದವನು, ಆ ಕೆಲಸದಲ್ಲಿ ಹೊಡೆತ ತೀರಾ ಸಣ್ಣ ಭಾಗ. ಲಾಠಿ, ಪರೇಡು, ನಿಯಮಗಳನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಲ್ಲಿ ಹೇಳದೆ ಬಿಡುವ ಕೆಲವು ಸಂಗತಿಗಳನ್ನು ಆಕೆಗಾಗಿ ಬರೆದಿಡೋಣ ಅನ್ನಿಸಿತು. ನನ್ನ ಬಡ್ತಿ, ವರ್ಗಾವಣೆಗಳ ಪುರಾಣ ಸರ್ವಿಸ್ ಬುಕ್ಕಿನಲ್ಲಿದೆ, ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ಜೈಲಿನ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಕಡೆಯದೇ ಒಂದು ಸಣ್ಣ ಜೈಲು ಎಂದುಕೊಂಡರೆ ಸಾಕು. ಒಳಗಿದ್ದವರಲ್ಲಿ ಹೆಚ್ಚಿನವರು ವಿಚಾರಣೆ ಮುಗಿಯದವರು: ಸಂಡೂರಿನ ಅದಿರು ಲಾರಿಯವರು, ಕಂಪ್ಲಿಯ ತೋಟದ ಕೂಲಿಗಳು, ಹಂಪಿಯಲ್ಲಿ ಪ್ರವಾಸಿಗರ ಚೀಲಕ್ಕೆ ಕೈ ಹಾಕಿದವರು, ಬದುವಿನ ಜಗಳದಲ್ಲಿ ಕೊಡಲಿ ಎತ್ತಿದ ಅಣ್ಣತಮ್ಮಂದಿರು.

ನನಗೆ ಚಿಕ್ಕಂದಿನಿಂದಲೂ 'ಯಾಕೆ' ಎನ್ನುವ ಹುಳ ತಲೆಯಲ್ಲಿ ಕೊರೆಯುತ್ತಿರುತ್ತದೆ. ಒಬ್ಬ ಒಂದೇ ಬೆರಳಿಗೆ ಯಾಕೆ ಸುಣ್ಣ ಹಚ್ಚಿಕೊಂಡಿದ್ದಾನೆ, ಇನ್ನೊಬ್ಬ ಯಾಕೆ ಗೋಡೆಯ ಕಡೆ ಮುಖ ಮಾಡಿಯೇ ಉಣ್ಣುತ್ತಾನೆ, ಇಂಥವು. ಜೊತೆಯವರು ನನ್ನನ್ನು ಸಿ.ಐ.ಡಿ. ಈರಣ್ಣ ಅಂತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಇಷ್ಟು ವರ್ಷ ಆ ಗೋಡೆಗಳ ನಡುವೆ ನನ್ನನ್ನು ಕಾಪಾಡಿದ್ದು ಈ ಹುಳವೇ ಎಂಬ ನಂಬಿಕೆ ನನಗಿದೆ. ಒಮ್ಮೆ ಮಾತ್ರ ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಹೆಡ್ ವಾರ್ಡರ್ ಆಗಿದ್ದವರು ದೊಡ್ಡಬಸಪ್ಪನವರು. ಕುಳ್ಳಗಿನ ಆಳು, ಬಾಯಲ್ಲಿ ಸದಾ ಒಂದು ಲವಂಗ. ಮೊದಲ ದಿನ ನಾನು ಎದೆಯುಬ್ಬಿಸಿ ಲಾಠಿ ಹಿಡಿದು ನಿಂತಿದ್ದನ್ನು ನೋಡಿ ಹತ್ತಿರ ಬಂದರು. "ಈರಣ್ಣ, ಆ ಕೋಲು ಹಂಗಿರ್ಲಿ. ಅಗೋ, ಅಲ್ಲಿ ಕುಂತಾನಲ್ಲ, ಅವ ಸೊಳ್ಳಿ ಯಾವ ಕೈಲೆ ಹೊಡಿತಾನ ನೋಡಿ ಹೇಳು."

ನನಗೆ ತಮಾಷೆ ಅನ್ನಿಸಿತು. ಅದು ತಮಾಷೆಯಲ್ಲ. ನಮ್ಮಲ್ಲಿ ಎಲ್ಲರೂ ಉಣ್ಣುವುದು ಬಲಗೈಯಿಂದಲೇ, ಹಾಗಾಗಿ ಎಡಚ ಯಾರು ಎಂದು ಊಟದ ಹೊತ್ತಿಗೆ ತಿಳಿಯುವುದಿಲ್ಲ. ಸೊಳ್ಳೆ ಕಚ್ಚಿದಾಗ ಮನುಷ್ಯ ಯೋಚನೆ ಮಾಡದೆ ರೂಢಿಯ ಕೈಯನ್ನೇ ಎತ್ತುತ್ತಾನೆ. ಮಾತಾಡಿಸುವಾಗ ಆ ಕೈಗೆ ಎದುರಾಗಿ ನಿಲ್ಲಬಾರದು, ಇನ್ನೊಂದು ಪಕ್ಕಕ್ಕೆ ನಿಲ್ಲಬೇಕು. ನಾನು ನಕ್ಕು ಮರೆತೆ. ಆರು ತಿಂಗಳಲ್ಲಿ ಒಬ್ಬ ಎಡಚ ನನ್ನ ಬಲಗೆನ್ನೆಗೆ ಬಾರಿಸಿದ. ರೇಣುಕಾಗೆ ನಾನು ಹೇಳಿದ ಎರಡು ಹೊಡೆತಗಳಲ್ಲಿ ಮೊದಲನೆಯದು ಅದು. ಅಂದಿನಿಂದ ಇಂದಿನವರೆಗೂ ಯಾರ ಮನೆಗೆ ಹೋದರೂ ಸೊಳ್ಳೆ ಹೊಡೆಯುವ ಕೈಯನ್ನು ನೋಡುತ್ತೇನೆ.

ದೊಡ್ಡಬಸಪ್ಪನವರು ಕಲಿಸಿದ ಎರಡನೆಯದು ಎಣಿಕೆ. ಸಂಜೆ ಆರಕ್ಕೆ ಕೈದಿಗಳನ್ನು ಬ್ಯಾರಕ್ಕಿಗೆ ಬಿಟ್ಟು ಬೀಗ ಹಾಕುವಾಗ ತಲೆ ಎಣಿಸಿ ಪುಸ್ತಕದಲ್ಲಿ ಬರೆಯುವುದು ಎಲ್ಲ ಜೈಲಿನಲ್ಲೂ ಇದೆ. ಅವರದು ಬೇರೆ ಪದ್ಧತಿ. "ತಲಿ ಎಣಸಾಕ ಕುರಿ ಕಾಯವ್ರಿಗೂ ಬರತೈತಿ. ನೀನು ದನಿ ಎಣಸು," ಅನ್ನುತ್ತಿದ್ದರು. ಒಬ್ಬೊಬ್ಬನೂ ಬಾಗಿಲು ದಾಟುವಾಗ "ಬರ್ತೀನ್ರಿ ಸಾಹೇಬ್ರ" ಎನ್ನಬೇಕು, ನಾವು "ಹೂಂ" ಎನ್ನಬೇಕು. ಯಾವ ನಿಯಮದಲ್ಲೂ ಇದಿರಲಿಲ್ಲ. ಆದರೆ ಆ ಒಂದು ಮಾತಿನಲ್ಲಿ ಯಾರಿಗೆ ನೆಗಡಿ, ಯಾರು ಅತ್ತಿದ್ದಾನೆ, ಯಾರು ಗಾಂಜಾ ಸೇದಿದ್ದಾನೆ, ಯಾವ ಇಬ್ಬರ ನಡುವೆ ಹೊಗೆಯಾಡುತ್ತಿದೆ ಎಂಬುದೆಲ್ಲ ಕಿವಿಗೆ ಬೀಳುತ್ತಿತ್ತು. ನಾನೂ ಅದನ್ನೇ ರೂಢಿ ಮಾಡಿಕೊಂಡೆ.

ಇದೇ ಮಾತು ಗೇಟಿನಲ್ಲಿ ಮಾತ್ರ ತಲೆಕೆಳಗು. ಮನೆಯಿಂದ ಹೊರಡುವವರು 'ಹೋಗ್ತೀನಿ' ಎಂದರೆ ಹಿರಿಯರು ಬೈಯುತ್ತಾರೆ, 'ಬರ್ತೀನಿ' ಅನ್ನಬೇಕು. ಜೈಲಿನ ಗೇಟಿನಿಂದ ಬಿಡುಗಡೆಯಾಗಿ ಹೊರಡುವವನು 'ಬರ್ತೀನಿ' ಎನ್ನಬಾರದು. 'ಹೋಗ್ತೀನ್ರಿ' ಎಂದು ಹೇಳಿ, ಹಿಂದೆ ತಿರುಗಿ ನೋಡದೆ ನಡೆಯಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಜಾಮೀನು ಸಿಕ್ಕ ಒಬ್ಬ ಮುದುಕರಿಗೆ ನಾನು ಭಾರೀ ಮರ್ಯಾದೆಯಿಂದ ಬಾಗಿಲು ತೆಗೆದು, "ಹೋಗಿ ಬರ್ರಿ ಯಜಮಾನ್ರ" ಅಂದುಬಿಟ್ಟೆ. ಮುದುಕರು ಕಾಲು ಎತ್ತಿದವರು ಹಾಗೇ ನಿಂತರು. ಹೊರಗೆ ಕಾಯುತ್ತಿದ್ದ ಅವರ ಹೆಂಡತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನುಗ್ಗಿ ಬಂದರು. "ಏನ್ ಬಾಯಿನೋ ನಿಂದು! ಒಂದ್ಸಲ ಬಂದಿದ್ದು ಸಾಲ್ದೇನು? ನೀನಾ ಬಾ ನಮ್ಮ ಮನಿಗೆ, ಉಣ್ಣಾಕ ಇಕ್ತೀನಿ!" ದೊಡ್ಡಬಸಪ್ಪನವರು ಗೋಡೆಗೆ ಮುಖ ಮಾಡಿ ನಗು ತಡೆದುಕೊಳ್ಳುತ್ತಿದ್ದರು. ಆಮೇಲೆ ಮುದುಕರನ್ನು ಮತ್ತೆ ಒಳಗೆ ಕರೆದು, ನನ್ನ ಬಾಯಲ್ಲಿ "ಹೋಗ್ರಿ, ಮತ್ತ ಬರಬ್ಯಾಡ್ರಿ" ಎಂದು ಹೇಳಿಸಿ, ಎರಡನೆಯ ಸಲ ಬಿಡುಗಡೆ ಮಾಡಿದರು.

ಇಷ್ಟರವರೆಗಿನ ತಪ್ಪುಗಳು ನಗುವಂಥವು. ಮುಂದಿನದು ಹಾಗಲ್ಲ.

ಕಂಪ್ಲಿ ಕಡೆಯ ಬಾಳೆತೋಟದ ಮೇಸ್ತ್ರಿಯೊಬ್ಬನಿದ್ದ. ಬೆಣ್ಣೆಯಂಥ ಮಾತು. "ಸಾಹೇಬ್ರ, ನಮ್ಮವ್ವ ಊಟ ಬಿಟ್ಟಾಳಂತ. ನಾನು ಆರಾಮದೀನಿ ಅಂತ ಒಂದ್ ಫೋನ್ ಮಾಡ್ರಿ" ಅಂದ. ಪಾಪ ಅನ್ನಿಸಿತು, ಮಾಡಿದೆ. ವಾರ ಬಿಟ್ಟು ಒಂದು ತಂಬಾಕಿನ ಚೀಟಿ ಕೇಳಿದ. ಅದನ್ನೂ ತಂದುಕೊಟ್ಟೆ. ಮೂರನೆಯ ಸಲ ಮೊಬೈಲು ಕೇಳಿದ. ಆಗಲ್ಲ ಎಂದಾಗ ನಗುತ್ತಲೇ, "ತಂಬಾಕ ತಂದಿದ್ದು ಜೈಲರ್ ಸಾಹೇಬ್ರಿಗೆ ಹೇಳ್ಲೇನ್ರಿ?" ಅಂದ. ಬೀಗದ ಕೈ ನನ್ನ ಸೊಂಟದಲ್ಲಿತ್ತು, ಆದರೆ ಒಳಗೆ ಸಿಕ್ಕಿಬಿದ್ದವನು ನಾನು. ಎರಡು ದಿನ ಅವನ ಕಣ್ಣು ತಪ್ಪಿಸಿ ಓಡಾಡಿದೆ. ಕೊನೆಗೆ ದೊಡ್ಡಬಸಪ್ಪನವರ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನ್ನ ತೋಳು ಹಿಡಿದು ಜೈಲರ್ ಕೋಣೆಗೆ ಕರೆದೊಯ್ದು ಅಲ್ಲೂ ಹೇಳಿಸಿದರು. ನನಗೆ ಎಚ್ಚರಿಕೆಯ ಮೆಮೊ ಬಂತು. ಮೇಸ್ತ್ರಿಯ ಕೈಯಲ್ಲಿದ್ದ ಹಗ್ಗ ಅಂದೇ ತುಂಡಾಯಿತು. ರೇಣುಕಾ, ಇದನ್ನು ನೆನಪಿಡು. ತಪ್ಪು ಎಲ್ಲರಿಂದಲೂ ಆಗುತ್ತದೆ, ಅದನ್ನು ಆ ದಿನವೇ ಮೇಲಿನವರಿಗೆ ಹೇಳಿಬಿಡಬೇಕು.

ಇದರಿಂದ ನಾನು ಒಂದು ಪಾಠ ಕಲಿತೆ, ಆದರೆ ಅರ್ಧ ಮಾತ್ರ ಕಲಿತೆ. ಅಂದಿನಿಂದ ಯಾರು ಏನು ಕೇಳಿದರೂ "ಆಗಲ್ಲ" ಎನ್ನುವುದು ರೂಢಿಯಾಯಿತು. ಆ ಒಂದು ಪದ ಬಹಳ ಆರಾಮ ಕೊಡುತ್ತದೆ. ಒಮ್ಮೆ ಹೇಳಿದರೆ ಮುಂದೆ ಯೋಚಿಸುವ ಕೆಲಸವೇ ಇಲ್ಲ.

ಆ ಗಡಸು ಮನೆಗೂ ಬಂತು. ಊಟಕ್ಕೆ ಕೂತ ಮಕ್ಕಳನ್ನು ಕಣ್ಣಲ್ಲೇ ಎಣಿಸುತ್ತಿದ್ದೆ. ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದೆ. ಗಂಗಾ ಒಂದು ದಿನ ತಟ್ಟೆಯನ್ನು ಕುಕ್ಕಿ, "ಲೆಕ್ಕ ಸರಿ ಐತೇನ್ರಿ? ಸರಿ ಇದ್ರ ಬೀಗ ಹಾಕ್ಕೊಂಡು ಹೋಗ್ರಿ, ನಾವು ಉಣ್ತೀವಿ" ಅಂದಳು. ಎರಡನೆಯ ಹೊಡೆತ ಅದೇ. ಕೈಯಿಂದ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಡ್ಯೂಟಿ ಮುಗಿಸಿ ಬರುವಾಗ ನಮ್ಮೂರ ಹಳೆಯ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ, ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರುತ್ತಿದ್ದೆ. ಆ ದಿನ ಕೇಳಿದ ದನಿಗಳನ್ನು ಒಂದೊಂದಾಗಿ ನೆನೆದು ಅಲ್ಲೇ ಬಿಟ್ಟು ಮನೆಗೆ ಹೋಗುವುದು. ಹೊಸಬರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಬಾವಿಯೇ ಆಗಬೇಕೆಂದಿಲ್ಲ, ಜೈಲಿಗೂ ಮನೆಗೂ ನಡುವೆ ಒಂದು ಜಾಗ ಇರಬೇಕು.

ದೊಡ್ಡಬಸಪ್ಪನವರು ನಿವೃತ್ತರಾದರು, ನಾನು ಅವರ ಜಾಗಕ್ಕೆ ಬಂದೆ. ಕ್ಯಾಮೆರಾಗಳು ಬಂದವು. ಅದರ ಹಿಂದೆಯೇ ವಿಡಿಯೊ ವಿಚಾರಣೆ ಬಂತು, ಕೋರ್ಟಿನವರ ಬಾಯಲ್ಲಿ ಅದು 'ವೀಸಿ'. ಮೊದಲು ವಾಯಿದೆಯ ದಿನ ಕೈದಿಗಳನ್ನು ವ್ಯಾನಿನಲ್ಲಿ ಕೋರ್ಟಿಗೆ ಒಯ್ಯುತ್ತಿದ್ದರು. ಈಗ ಬಹುಪಾಲು ವಾಯಿದೆಗಳಿಗೆ ಜೈಲಿನ ಒಂದು ಕೋಣೆಯಲ್ಲೇ ಟೀವಿಯ ಮುಂದೆ ಕೂರಿಸಿದರೆ ಮುಗಿಯಿತು. ದಾರಿಯಲ್ಲಿ ತಪ್ಪಿಸಿಕೊಳ್ಳುವ ಭಯವಿಲ್ಲ, ಬಂದೋಬಸ್ತಿನ ತಲೆನೋವಿಲ್ಲ. ನಮಗೆಲ್ಲ ಮಸ್ತ್ ಆಯಿತು. ಆದರೆ ಕೋರ್ಟಿಗೊಂದು ಕಟ್ಟೆ ಇತ್ತು. ವ್ಯಾನಿನಿಂದ ಇಳಿದು ಒಳಗೆ ಹೋಗುವ ಆ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ ಕಟ್ಟೆಯ ಮೇಲೆ ಕಾದು ಕೂತ ಹೆಂಡತಿಯೋ ತಾಯಿಯೋ ಮುಖ ನೋಡುತ್ತಿದ್ದರು, ಒಂದು ಮಾತು ಆಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಆ ಕಟ್ಟೆ ಕಳೆದುಹೋಯಿತು. ನನಗದು ಹೊಳೆಯಲೂ ಇಲ್ಲ.

ಆ ಸಮಯದಲ್ಲೇ ಬಂದವನು ತಿಪ್ಪೇಶಿ, ಸಂಡೂರಿನ ಅದಿರು ಟಿಪ್ಪರ್ ಡ್ರೈವರ್. ಲೋಡಿಗಾಗಿ ನಿಂತ ಸಾಲಿನಲ್ಲಿ ಜಗಳವಾಗಿ ಇನ್ನೊಬ್ಬ ಡ್ರೈವರನ್ನು ತಳ್ಳಿದ್ದ. ಬಿದ್ದವನು ಏಳಲಿಲ್ಲ. ತಿಪ್ಪೇಶಿ ಗಲಾಟೆಯ ಮನುಷ್ಯನಲ್ಲ. ಟೀವಿಯ ಮುಂದೆ ಮೊದಲ ವಾಯಿದೆ ಮುಗಿದ ದಿನ ನನ್ನ ಹಿಂದೆಯೇ ಬಂದ.

"ಸಾಹೇಬ್ರ, ನನ್ನ ಹೆಂಡ್ತಿ ಹುಲಿಗೆಮ್ಮ ಕೋರ್ಟಿನ ಕಟ್ಟಿ ಮ್ಯಾಲೆ ಕುಂತಿರ್ತಾಳ್ರಿ. ನಾನು ಟೀವ್ಯಾಗ ಬರ್ತೀನಿ, ಅಲ್ಲಿ ಬರಂಗಿಲ್ಲ ಅಂತ ಆಕಿಗೆ ಹೆಂಗಾರ ಹೇಳ್ರಿ. ಆಕಿ ತಾವ ಫೋನಿಲ್ಲ."

ನನಗೆ ಕಂಪ್ಲಿಯ ಮೇಸ್ತ್ರಿಯ ನಗು ನೆನಪಾಯಿತು. "ಆಗಲ್ಲ," ಅಂದೆ.

ಎರಡನೆಯ ವಾಯಿದೆಯ ದಿನವೂ ಕೇಳಿದ. ಆಗಲ್ಲ ಅಂದೆ. ಮೂರನೆಯ ವಾಯಿದೆಗೆ ಕೇಳಲಿಲ್ಲ. ಬುದ್ಧಿ ಬಂತು ಅಂದುಕೊಂಡೆ. ಹೆಂಡತಿ ಜೈಲಿಗೂ ಬರಲಿಲ್ಲ. ಬ್ಯಾರಕ್ಕಿನವರು "ನಿನ್ನಾಕಿ ತವರುಮನಿ ಸೇರ್ಕಂಡ್ಳು ಬಿಡಲೇ" ಅಂತ ಚುಡಾಯಿಸುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಬೇರೆ ದಿನಗಳಲ್ಲಾಗಿದ್ದರೆ ಯಾಕೆ ಬರಲಿಲ್ಲ ಎಂದು ನನ್ನ ಹುಳ ಕೊರೆದು ಕೊರೆದು ಇಡುತ್ತಿತ್ತು. ಆಗಲ್ಲ ಎಂದವನಿಗೆ ಯಾಕೆ ಎಂದು ಕೇಳಿಕೊಳ್ಳುವುದು ಅಪಾಯ. ಹಾಗಾಗಿ ಕೇಳಿಕೊಳ್ಳಲಿಲ್ಲ.

ಅದೊಂದು ಸಂಜೆ ಎಂದಿನಂತೆ ಎಣಿಕೆ ನಡೆಯಿತು. ಬರ್ತೀನ್ರಿ, ಹೂಂ. ಬರ್ತೀನ್ರಿ ಸಾಹೇಬ್ರ, ಹೂಂ. ಲೆಕ್ಕ ಸರಿಯಾಗಿತ್ತು. ಬೀಗ ಹಾಕಿ, ಸಹಿ ಮಾಡಿ, ಮೊಪೆಡ್ ಹತ್ತಿ ಊರಿಗೆ ಬಂದು ಬಾವಿಯ ಮೆಟ್ಟಿಲ ಮೇಲೆ ಕೂತೆ. ದನಿಗಳನ್ನು ಒಂದೊಂದಾಗಿ ನೆನೆಯುತ್ತ ಹೋದೆ. ತಿಪ್ಪೇಶಿಯದು ಬಂದಾಗ ಎಲ್ಲೋ ಮುಳ್ಳು ಚುಚ್ಚಿದಂತಾಯಿತು. ಅವನು 'ಬರ್ತೀನ್ರಿ' ಅಂದಿರಲಿಲ್ಲ. "ಹೋಗ್ತೀನ್ರಿ ಸಾಹೇಬ್ರ" ಅಂದಿದ್ದ. ನಾನು ಅದಕ್ಕೂ "ಹೂಂ" ಅಂದಿದ್ದೆ.

ಜಾಮೀನಿನ ಆದೇಶ ಬಂದಿರಲಿಲ್ಲ. ಬಿಡುಗಡೆಯಾಗುವವನು ಗೇಟಿನಲ್ಲಿ ಆಡುವ ಮಾತನ್ನು ಇವನು ಬ್ಯಾರಕ್ಕಿನ ಬಾಗಿಲಲ್ಲಿ ಯಾಕೆ ಆಡಿದ? ಎಲ್ಲಿಗೆ ಹೋಗುತ್ತಾನೆ?

ಮೆಟ್ಟಿಲಿಂದ ಎದ್ದೆ. ಗಾಡಿ ತಿರುಗಿಸಿದೆ. ಪಾಳಿಯಲ್ಲಿದ್ದ ವಾರ್ಡರು ಕ್ಯಾಮೆರಾ ತೋರಿಸಿ, "ನೋಡ್ರಿ, ಹೊದ್ಕಂಡು ಮಲಗ್ಯಾನ. ನಿಮ್ದೊಂದು ಸಿ.ಐ.ಡಿ. ಕೆಲ್ಸ" ಅಂದ. ಕ್ಯಾಮೆರಾದಲ್ಲಿ ಕಂಬಳಿ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಸರಳಿನ ಹೊರಗಿಂದ ಕೂಗಿದೆ. ಅವನು ಓಗೊಡಲಿಲ್ಲ. ಒಬ್ಬನೇ ಬೀಗ ತೆಗೆದು ನುಗ್ಗಿಬಿಡಬೇಕು ಅನ್ನಿಸಿತು. ಹಾಗೆ ನುಗ್ಗಿದ ವಾರ್ಡರನ್ನು ಒಳಗಿನವರು ಹಿಡಿದಿಟ್ಟುಕೊಂಡ ಕಥೆಗಳೂ ಇವೆ. ಬೀಗ ಹಾಕಿದ ಮೇಲೆ ಜೈಲರ್ ಎದುರಿಲ್ಲದೆ, ಜೊತೆಗೆ ಇನ್ನೊಬ್ಬನಿಲ್ಲದೆ ಬಾಗಿಲು ತೆಗೆಯಬಾರದು. ಸಾಹೇಬರು ಕ್ವಾರ್ಟರ್ಸಿನಿಂದ ಬರುವವರೆಗೆ ಸರಳು ಹಿಡಿದು ಅವನ ಹೆಸರು ಕೂಗುತ್ತಲೇ ನಿಂತೆ. ನನ್ನ ಸರ್ವಿಸಿನಲ್ಲಿ ಅಷ್ಟು ಉದ್ದದ ಐದು ನಿಮಿಷ ಇನ್ನೊಂದಿಲ್ಲ.

ಬಾಗಿಲು ತೆಗೆದು ಕಂಬಳಿ ಎಳೆದೆವು. ಒಳಗೆ ಅವನ ಬಳಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ ಏಳುವ ಮನಸ್ಸು ಅವನಿಗಿರಲಿಲ್ಲ ಎಂದು ತಿಳಿಯಲು ಅದು ಸಾಕಾಗಿತ್ತು. ಉಸಿರಿತ್ತು, ಕಣ್ಣು ಬಿಟ್ಟುಕೊಂಡಿದ್ದ. ಡಾಕ್ಟರಿಗೆ ಫೋನು ಹೋಯಿತು. ಅವನನ್ನು ಆಫೀಸಿಗೆ ಕರೆತಂದು ಕೂರಿಸಿ ಚಾ ಕೊಟ್ಟೆವು.

"ತಿಪ್ಪೇಶಿ, ಹೋಗ್ತೀನಿ ಅಂದ್ಯಲ್ಲಪ್ಪ, ಎಲ್ಲಿಗೆ?" ಅಂದೆ.

ಲೋಟ ಕೆಳಗಿಟ್ಟ. "ಕೇಳಿಸ್ಕಂಡ್ರೇನ್ರಿ?" ಅಂದ. ಆಮೇಲೆ ಅಳುತ್ತ, "ಆಕಿ ನನ್ನ ಕೈ ಬಿಟ್ಳು ರೀ. ಮೂರು ತಿಂಗ್ಳಾತು, ಒಂದಿನಾರ ಮಾರಿ ತೋರ್ಸಲಿಲ್ಲ. ಇನ್ಯಾರ ಸಲುವಾಗಿ ಇರ್ಲಿ?"

ಜೈಲರ್ ಸಾಹೇಬರು ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. "ವಿಚಾರಣೆ ಇಲ್ಲೇ ಆಗುತ್ತೆ ಅಂತ ಮನೆಯವರಿಗೆ ಯಾರಾದರೂ ತಿಳಿಸಿದ್ದೀರಾ?" ಎಂದು ಕೇಳಿದರು. ಸುಮ್ಮನಿದ್ದರೆ ತಿಪ್ಪೇಶಿಯನ್ನು ಬಿಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದೆ. "ಇವ ನನ್ನ ಎರಡು ಸಲ ಕೇಳಿದ್ದ ಸರ್. ನಾನಾ ಆಗಲ್ಲ ಅಂದೆ."

ಅವರು ನನ್ನನ್ನೇ ನೋಡಿದರು. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಈರಣ್ಣ?"

ಅಷ್ಟೇ ಮಾತು. ನಾನು ಇಷ್ಟು ವರ್ಷ ಕಲಿಯದೆ ಬಿಟ್ಟಿದ್ದ ಇನ್ನರ್ಧ ಪಾಠ ಅದರಲ್ಲಿತ್ತು. ಕದ್ದು ಮಾಡುವುದು ತಪ್ಪು, ಆಗಲ್ಲ ಎಂದು ಮುಖ ತಿರುಗಿಸುವುದೂ ತಪ್ಪು. ನಡುವೆ ಬಹಳ ಸುಲಭದ ಒಂದು ದಾರಿಯಿತ್ತು, ಎಲ್ಲರ ಎದುರು ಮೇಲಿನವರನ್ನು ಕೇಳುವುದು. ನನ್ನ ಚರ್ಮ ಉಳಿಸಿಕೊಳ್ಳುವ ಅವಸರದಲ್ಲಿ ಅದು ನನಗೆ ಕಾಣಲಿಲ್ಲ.

ಮರುದಿನವೇ ಸಾಹೇಬರು ಅವನ ವಕೀಲರ ಮೂಲಕ ಸಂಡೂರಿಗೆ ಸುದ್ದಿ ಮುಟ್ಟಿಸಿದರು. ಹುಲಿಗೆಮ್ಮ ಬಂದಳು. ಸಪೂರದ ಹೆಂಗಸು, ಚಪ್ಪಲಿಗೆ ಕೆಂಪು ಧೂಳು. ಹಿಂದೆ ಒಮ್ಮೆ ಗೇಟಿಗೆ ಬಂದಿದ್ದಳಂತೆ. ಆಧಾರ್ ಕಾರ್ಡ್ ಇಲ್ಲವೆಂದು ವಾಪಸು ಕಳಿಸಿದ್ದೆವು. ಕೋರ್ಟಿನ ಕಟ್ಟೆಯಲ್ಲಿ ಯಾರೂ ಕಾರ್ಡು ಕೇಳುವುದಿಲ್ಲ, ಹಾಗಾಗಿ ಅಲ್ಲಿಗೇ ಹೋಗುತ್ತಿದ್ದಳು. ಈ ಸಲ ವಕೀಲರ ಪತ್ರ ನೋಡಿ ಸಾಹೇಬರು ಒಳಗೆ ಬಿಟ್ಟರು. ಜಾಲರಿಯ ಆಚೆ ಈಚೆ ಗಂಡಹೆಂಡತಿ ನಿಂತರು. ಆಕೆಯೇ ಮೊದಲು ಕೇಳಿದಳು. "ಉಣ್ತೀಯಿಲ್ಲ ನೀನು? ಎಷ್ಟು ಸೊರಗಿದ್ಯೋ."

"ನೀ ಯಾಕ ಬರ್ಲಿಲ್ಲ?"

"ಬರ್ಲಿಲ್ಲ? ಪ್ರತಿ ವಾಯಿದಿಗೆ ಮೊದಲ್ನೇ ಬಸ್ಸಿಗೆ ಬಂದು ಸಂಜಿತನ ಕುಂತೀನಿ. 'ವೀಸಿ ಆತವ್ವ, ಮನಿಗೋಗು' ಅಂತಿದ್ರು ಅಲ್ಲಿದ್ದವ್ರು. ವೀಸಿ ಅಂದ್ರ ಮುಂದಿನ ವಾಯಿದಿ ಅನ್ಕಂಡಿದ್ದೆ ನಾನು."

ತಿಪ್ಪೇಶಿ ಹಣೆಯನ್ನು ಜಾಲರಿಗೆ ಒತ್ತಿ ನಿಂತುಬಿಟ್ಟ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಬಂದ ಮೇಲೆ ಆಕೆ ನೇರ ನನ್ನ ಹತ್ತಿರ ಬಂದಳು. ಅವನು ಯಾವಾಗ ಹೇಳಿದನೋ, ಏನು ಹೇಳಿದನೋ ನನಗೆ ತಿಳಿಯದು. "ಸಾಹೇಬ್ರ, ನಾನು ಅಲ್ಲಿ ಕುಂತಿರ್ತಿದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ," ಅಂದೆ.

ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಇಷ್ಟೇ ಹೇಳಿದಳು: "ನಾನೊಬ್ಬಾಕಿ ಅಲ್ರಿ ಅಲ್ಲಿ. ಭಾಳ ಮಂದಿ ಕುಂತಿರ್ತಾರ."

ಮುಂದಿನ ವಾಯಿದೆಯ ದಿನ ಸಾಹೇಬರ ಅನುಮತಿ ಕೇಳಿ, ಸಾದಾ ಬಟ್ಟೆಯಲ್ಲಿ ಕೋರ್ಟಿಗೆ ಹೋದೆ. ಕಟ್ಟೆಯ ಮೇಲೆ ಐದು ಹೆಂಗಸರು ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ವ್ಯಾನು ಬರುವ ದಾರಿಯನ್ನು ನೋಡುತ್ತಿದ್ದರು. ಎದುರು ನಿಂತು, ನಾನು ಯಾರೆಂದು ಹೇಳಿ, ವ್ಯಾನು ಇವತ್ತು ಬರುವುದಿಲ್ಲ, ನಿಮ್ಮವರು ಜೈಲಿನಲ್ಲೇ ಟೀವಿಯ ಮುಂದೆ ಕೂತಿರುತ್ತಾರೆ, ಅಲ್ಲಿಗೇ ಬಂದು ನೋಡಬಹುದು, ಕಾರ್ಡು ಇಲ್ಲದವರ ಬಗ್ಗೆ ಸಾಹೇಬರ ಹತ್ತಿರ ನಾನೇ ಮಾತಾಡುತ್ತೇನೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯಳೊಬ್ಬಳು ಗಂಟನ್ನು ಬಗಲಿಗೆ ಸೇರಿಸಿ ಎದ್ದು ನಿಂತಳು.

"ಹಂಗಾರ ಆ ಜೈಲಿಗೆ ಯಾವ ಬಸ್ ಹೋಗತೈತಪ್ಪ?"

ಒಳಗಿದ್ದ ಒಬ್ಬೊಬ್ಬರೂ ಯಾವ ಕೈಯಿಂದ ಸೊಳ್ಳೆ ಹೊಡೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಎದುರಿನ ಚಾ ಅಂಗಡಿಯವನನ್ನು ಕೇಳಿ ತಿಳಿದುಕೊಂಡೆ. ಬಸ್ಸು ಬಂದಾಗ ಐವರನ್ನೂ ಹತ್ತಿಸಿ, ಅವರ ಹಿಂದೆ ನಾನೂ ಹತ್ತಿದೆ.